ಶಂಖಪ್ಪಯ್ಯ ಹೇಳಿಕೊಟ್ಟ ಉಪವಾಸ

ಒಂದು ಕಾಡಿತ್ತು. ಅದನ್ನು ನೋಡಬೇಕೆಂದರೆ ಬೆಟ್ಟ ಹತ್ತಬೇಕಾಗಿಲ್ಲ, ಕಡಲಿಗೆ ಇಳಿಯಬೇಕು. ದಡದಿಂದ ದೋಣಿಯಲ್ಲಿ ಅರ್ಧ ಗಂಟೆ ಹೋದರೆ ನೀರಿನಡಿಯಲ್ಲಿ ಒಂದು ದೊಡ್ಡ ಬಂಡೆ. ಅದರ ಸುತ್ತ ಆಳೆತ್ತರದ ಕಂದು ಪಾಚಿ ಬೆಳೆದು, ಗಾಳಿಗೆ ಮರ ತೂಗುವ ಹಾಗೆ ತೆರೆಗೆ ತೂಗುತ್ತಿತ್ತು. ಆ ಬಂಡೆಯ ಮೇಲೆ ಚಿಪ್ಪಿಗಳ ಊರು.

ಊರೆಂದರೆ ಊರೇ. ಸಾಲು ಸಾಲಾಗಿ, ಒಬ್ಬರ ಮಗ್ಗುಲಿಗೆ ಒಬ್ಬರು, ಉಸಿರಾಡಲು ಜಾಗವಿಲ್ಲದಷ್ಟು ಒತ್ತೊತ್ತಾಗಿ ಕೂತಿದ್ದರು. ಪ್ರತಿಯೊಂದು ಚಿಪ್ಪಿಯೂ ತನ್ನ ಕಾಲಿನಿಂದ ಗಟ್ಟಿ ನಾರು ಹೊಸೆದು ಬಂಡೆಗೊಂದು, ನೆರೆಯವಳಿಗೊಂದು ಕಟ್ಟಿಕೊಂಡಿತ್ತು. ಅಪಾಯ ಬಂತೋ, ಮೊದಲು ಕಂಡವರು ಚಿಪ್ಪನ್ನು ಟಪ್ಪೆಂದು ಮುಚ್ಚುತ್ತಿದ್ದರು. ನಾರು ಎಳೆಯುತ್ತಿತ್ತು. ಕಣ್ಣು ಮಿಟುಕಿಸುವುದರೊಳಗೆ ಊರೇ ಮುಚ್ಚಿಕೊಳ್ಳುತ್ತಿತ್ತು. ತೆರೆಯುವಾಗಲೂ ಹಾಗೆಯೇ. ಹಿರಿಯಳಾದ ಮಂಕಾಳಜ್ಜಿ ತೆರೆದ ಮೇಲೆ ಎಲ್ಲರೂ ತೆರೆಯಬೇಕು. ಒಬ್ಬಳೇ ಬಾಯಿ ತೆರೆದ ಸಂಗತಿ ಆ ಊರಿನ ತಲೆತಲಾಂತರದಲ್ಲಿ ನಡೆದಿರಲಿಲ್ಲ.

ಮೂರನೆಯ ಸಾಲಿನ ತುದಿಯಲ್ಲಿ ಪಚ್ಚಕ್ಕ ಎಂಬ ಹಸಿರು ಚಿಪ್ಪಿ ಇದ್ದಳು. ಊಟವೆಂದರೆ ಅವಳಿಗೆ ಪ್ರಾಣ. ತೆರೆಯ ಜೊತೆ ತೇಲಿಬರುವ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಜೀವಗಳನ್ನು ಅವರೆಲ್ಲ ಗಂಜಿ ಎನ್ನುತ್ತಿದ್ದರು. ಪಚ್ಚಕ್ಕ ಇಂದಿನ ಗಂಜಿ ಉಣ್ಣುತ್ತಲೇ ನಾಳಿನ ಗಂಜಿಯ ಮಾತಾಡುವವಳು. ಪಕ್ಕದ ಕೆಂಚಕ್ಕನಿಗೆ ಅದನ್ನು ಕೇಳಿ ಕೇಳಿ ಸಾಕಾಗಿತ್ತು. ಆದರೂ ಇಬ್ಬರೂ ಜೀವದ ಗೆಳತಿಯರು.

ಒಂದು ಬೆಳಿಗ್ಗೆ ಹುಣಸೆಬೀಜದಷ್ಟು ಸಣ್ಣ ಕಲ್ಲೊಂದು ಅಲೆಗೆ ಉರುಳಿ ಬಂದು ಮೇಲಿನ ಸಾಲಿನ ತಿಮ್ಮಕ್ಕನಿಗೆ ತಾಗಿತು. ಅಂಥ ಕಲ್ಲು ದಿನಕ್ಕೆ ಹತ್ತು ತಾಗುತ್ತವೆ, ಯಾರೂ ತಿರುಗಿಯೂ ನೋಡುವುದಿಲ್ಲ. ಆದರೆ ಅಂದು ತಿಮ್ಮಕ್ಕನ ಚಿಪ್ಪು ಕರಿದ ಸಂಡಿಗೆಯ ಹಾಗೆ ಪುಡಿಯಾಯಿತು. ಊರೇ ಬಾಯಿ ಮುಚ್ಚಲು ಮರೆತು ನೋಡುತ್ತ ಉಳಿಯಿತು.

ಆದದ್ದೇನೆಂದರೆ, ಕಡಲು ಹುಳಿಯಾಗಿತ್ತು. ಮೊಸರಿನ ಹುಳಿಯಲ್ಲ, ನಾಲಿಗೆಗೆ ತಿಳಿಯುವ ಹುಳಿಯೂ ಅಲ್ಲ. ಭೂಮಿಯ ಮೇಲಿನ ಜನ ತಲೆಮಾರುಗಟ್ಟಲೆ ಒಲೆ, ಬಂಡಿ, ಕಾರ್ಖಾನೆ ಎಂದು ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ಕಡಲು ಸದ್ದಿಲ್ಲದೆ ಕುಡಿಯುತ್ತ ಬಂದಿತ್ತು. ಚಿಪ್ಪಿಯ ಗೋಡೆ ಸುಣ್ಣದ್ದು. ಸುಣ್ಣಕ್ಕೂ ಹುಳಿಗೂ ಎಣ್ಣೆ ಸೀಗೆಕಾಯಿ. ಮೊಟ್ಟೆಯನ್ನು ನಿಂಬೆರಸದಲ್ಲಿ ಇಟ್ಟು ನೋಡಿದವರಿಗೆ ಇದು ಗೊತ್ತು. ಪಾಪ, ಚಿಪ್ಪಿಗಳಿಗೆ ಗೊತ್ತಿರಲಿಲ್ಲ. ಪಚ್ಚಕ್ಕ ತನ್ನ ಚಿಪ್ಪಿನ ಅಂಚನ್ನು ಕಾಲಿನಿಂದ ಸವರಿ ನೋಡಿದಳು. ಅದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. 

ಅದೇ ವಾರ ಪಾಚಿಯ ಮರೆಯಿಂದ ಶಂಖಪ್ಪಯ್ಯ ಬಂದ. ಅವನು ಶಂಖದ ಹುಳು. ಬೆನ್ನಮೇಲೆ ಸುರುಳಿ ಸುರುಳಿಯಾದ ಬಿಳಿ ಶಂಖ, ನಡಿಗೆಯಲ್ಲಿ ಗಾಂಭೀರ್ಯ, ಮಾತು ಮೆಲ್ಲಗೆ. ಅವನ ನಾಲಿಗೆ ಮಾತ್ರ ಕಬ್ಬಿಣ ತೇಯುವ ಅರ. ಹಿಂದೆ ಅದರಿಂದಲೇ ಎರಡು ಮೂರು ದಿನ ಉಜ್ಜಿ ಉಜ್ಜಿ ಚಿಪ್ಪಿಗೆ ತೂತು ಕೊರೆದು ಒಳಗಿನ ಜೀವವನ್ನು ಹೀರುತ್ತಿದ್ದ. ಎಷ್ಟೋ ಸಲ ಅರ್ಧ ಕೊರೆದು, ಬೇಸತ್ತು ಬಿಟ್ಟುಹೋಗುತ್ತಿದ್ದ. ಈಗ ತಾನು ಮಾಂಸ ಬಿಟ್ಟು ಎಷ್ಟೋ ಕಾಲವಾಯಿತೆಂದ. ಬರೀ ಪಾಚಿ ನೆಕ್ಕಿಕೊಂಡು ಇದ್ದೇನೆಂದ. ತಿಮ್ಮಕ್ಕನ ಸುದ್ದಿ ಕೇಳಿ ಕರುಳು ಕಿತ್ತುಬಂತು, ಅದಕ್ಕೇ ಓಡಿಬಂದೆ ಎಂದ. ಅವನು ಓಡುವುದೆಂದರೆ ದಿನಕ್ಕೆ ನಾಲ್ಕು ಮೊಳ.

"ಚಿಪ್ಪು ಯಾಕೆ ತೆಳ್ಳಗಾಯಿತು ಗೊತ್ತೇ ತಾಯಂದಿರಾ?" ಎಂದು ಕೇಳಿದ ಶಂಖಪ್ಪಯ್ಯ. "ಗಂಜಿ ಹುಳಿತಿದೆ. ನೀವು ಬಾಯಿ ತೆರೆದು ಉಂಡಷ್ಟೂ ಹುಳಿ ಮನೆಯೊಳಗೇ ಬರುತ್ತದೆ. ಒಂದು ತಿಂಗಳು ಉಪವಾಸ ಹಿಡಿಯಿರಿ. ಉಸಿರಿಗೆ ಕೂದಲೆಳೆಯಷ್ಟು ತೆರೆದರೆ ಸಾಕು. ಚಿಪ್ಪು ವಜ್ರವಾಗದಿದ್ದರೆ ನನ್ನನ್ನು ಕೇಳಿ."

ಪಚ್ಚಕ್ಕನಿಗೆ ಮೊದಲ ಮಾತೇ ಗಂಟಲಲ್ಲಿ ಇಳಿಯಲಿಲ್ಲ. ಉಣ್ಣದೆ ಗಟ್ಟಿಯಾಗುವುದು ಹೇಗೆ ಎಂದು ಕೇಳಿಯೇಬಿಟ್ಟಳು. ಸಾಲಿನವರು ನಕ್ಕರು. ಇವಳಿಗೆ ಹೊಟ್ಟೆಯದೇ ಚಿಂತೆ ಎಂದು ಕೆಂಚಕ್ಕನೂ ಛೇಡಿಸಿದಳು. ಮಂಕಾಳಜ್ಜಿಯಂತೂ, ಶಂಖದಿಂದ ಬಿದ್ದರೇ ತೀರ್ಥ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ ಎಂದು ಗದರಿದಳು. ಅಜ್ಜಿ ಮುಚ್ಚಿಕೊಂಡಳು. ನಾರು ಎಳೆಯಿತು. ಊರೇ ಮುಚ್ಚಿಕೊಂಡಿತು. ಪಚ್ಚಕ್ಕನೂ ಮುಚ್ಚಿಕೊಂಡಳು, ರೂಢಿ ಬಿಡುವುದು ಅಷ್ಟು ಸುಲಭವೇ?

ಹೊರಗೆ ಗಂಜಿ ದಟ್ಟವಾಗಿ ಹರಿಯುತ್ತಿತ್ತು. ಮಳೆಗಾಲ ಮುಗಿದು ಹೊಳೆಗಳು ಹೊತ್ತು ತಂದ ಸಾರಕ್ಕೆ ಕಡಲು ಹಸಿರಾಗುವ ಕಾಲವದು. ವರ್ಷದ ಚಿಪ್ಪು ಕಟ್ಟುವುದೇ ಆ ದಿನಗಳಲ್ಲಿ. ಅಷ್ಟು ಗಂಜಿಯೂ ಮುಚ್ಚಿದ ಬಾಗಿಲುಗಳ ಮುಂದೆ ಹಾಗೆಯೇ ತೇಲಿಹೋಯಿತು.

ವಾರ ಕಳೆಯಿತು. ಮೇಲಿನ ಸಾಲಿನಲ್ಲಿ ಒಂದು ನಾರು ಸಡಿಲವಾಯಿತು. ಮರುದಿನ ಇನ್ನೊಂದು. ಅವರು ಕದ್ದು ಉಂಡರು, ವ್ರತ ಕೆಟ್ಟಿತು, ಸತ್ತರು ಎಂದು ಶಂಖಪ್ಪಯ್ಯ ನಿಟ್ಟುಸಿರಿಟ್ಟು ಹೇಳಿದ. ಉಳಿದವರು ಇನ್ನೂ ಬಿಗಿಯಾಗಿ ಮುಚ್ಚಿಕೊಂಡರು. ಎರಡನೆಯ ಸಾಲೂ ಸಡಿಲವಾಯಿತು. ಆಮೇಲೆ ಒಂದು ದಿನ ಕೆಂಚಕ್ಕನ ನಾರು.

ಪಚ್ಚಕ್ಕ ನಂಬಲಿಲ್ಲ. ಕೆಂಚಕ್ಕ ಕದ್ದು ಉಣ್ಣುವವಳಲ್ಲ. ಎದುರಿಗೇ ಇಟ್ಟರೂ ಅಜ್ಜಿಯನ್ನು ಕೇಳಿ ಉಣ್ಣುವವಳು. ಉಸಿರಿಗೆಂದು ತೆರೆದ ಸಂದಿಯಿಂದ ಅವಳು ಪಕ್ಕಕ್ಕೆ ನೋಡಿದಳು. ಕೆಂಚಕ್ಕನ ಚಿಪ್ಪು ಮುಚ್ಚಿಯೇ ಇತ್ತು. ಅದರ ನಡುವೆ ಸಾಸಿವೆಯಷ್ಟು ಒಂದು ತೂತು. ದುಂಡಗೆ, ಅಚ್ಚುಕಟ್ಟಾಗಿ, ಯಾರೋ ಅಳತೆ ಹಿಡಿದು ಕೊರೆದ ಹಾಗೆ. ಆ ತೂತಿನ ಮೇಲೆ ಶಂಖಪ್ಪಯ್ಯ ಕಣ್ಣು ಮುಚ್ಚಿ ಕೂತು ಹೀರುತ್ತಿದ್ದ.

ಪಚ್ಚಕ್ಕನಿಗೆ ಎಲ್ಲ ತಿಳಿಯಿತು.  ಮೂರು ದಿನದ ಕೆಲಸವನ್ನು ಅವನು ಒಂದು ಉಬ್ಬರ ಇಳಿಯುವುದರೊಳಗೆ ಮುಗಿಸಿದ್ದ. ಸಾಲು ತಪ್ಪದೆ ಬರುತ್ತಿದ್ದ. ಮುಂದಿನವಳು ತಾನು.

ನಾರು ಜಗ್ಗಿ ಜಗ್ಗಿ ಮಂಕಾಳಜ್ಜಿಗೆ ಸುದ್ದಿ ಮುಟ್ಟಿಸಿದಳು. ಅಜ್ಜಿ ಒಪ್ಪಲಿಲ್ಲ. ಹಸಿವಿನಲ್ಲಿ ಇಲ್ಲದ್ದು ಕಾಣುತ್ತದೆ ಎಂದಳು. ನಿನಗೆ ಗಂಜಿ ಬೇಕು, ಅದಕ್ಕೆ ಸಾಧುವಿನ ಮೇಲೆ ಗೂಬೆ ಕೂರಿಸುತ್ತೀಯ ಎಂದಳು. ಕೆಳಗಿನ ಸಾಲುಗಳವರು ಹೌದು ಹೌದೆಂದು ನಾರು ಕುಲುಕಿದರು.

ಸಾಲು ಸಾಲನ್ನೇ ನುಂಗಿ ಅವನ ಹೊಟ್ಟೆ ಉಬ್ಬಿತ್ತು; ಕೆಂಚಕ್ಕನನ್ನೂ ಮುಗಿಸಿ ಅಷ್ಟನ್ನೂ ಅರಗಿಸಿಕೊಳ್ಳಲು ಈ ಸಲ ಏಳೆಂಟು ದಿನ ಬೇಕು. ಆ ಏಳೆಂಟು ದಿನವೇ ಪಚ್ಚಕ್ಕನಿಗಿದ್ದ ಆಯಸ್ಸು.  ಅವಳು ಆ ಊರು ಹುಟ್ಟಿದಂದಿನಿಂದ ಯಾರೂ ಮಾಡದ ಕೆಲಸ ಮಾಡಿದಳು. ಒಬ್ಬಳೇ ಬಾಯಿ ತೆರೆದಳು.

ನಾರಿನಲ್ಲಿ ಅದು ಊರಿಗೆಲ್ಲ ತಿಳಿಯಿತು. ಹೊಟ್ಟೆಬಾಕಿ ಎಂದರು, ಕುಲಗೇಡಿ ಎಂದರು. ಅವಳು ಉಂಡಳು. ಹಗಲೂ ರಾತ್ರಿಯೂ ಉಂಡಳು, ಉಬ್ಬರದಲ್ಲೂ ಉಂಡಳು, ಇಳಿತದಲ್ಲೂ ಉಂಡಳು. ಅಳುತ್ತಲೇ ಉಂಡಳು. ಹುಳಿ ನೀರಿನಲ್ಲಿ ಚಿಪ್ಪು ಕಟ್ಟುವುದು ಸೋರುವ ಕೊಡಕ್ಕೆ ನೀರು ಸೇದಿದ ಹಾಗೆ. ಸೇದುವ ಕೈ ನಿಲ್ಲಬಾರದು. ಹೊಟ್ಟೆ ತುಂಬಿದವಳ ಕೈಯಲ್ಲಿ ಮಾತ್ರ ಅಷ್ಟು ಬಲವಿರುತ್ತದೆ. ಮೂರನೆಯ ದಿನ ಚಿಪ್ಪಿನ ಒಳಮೈಗೆ ತೆಳುವಾದ ಹೊಳಪು ಬಂತು. ಐದನೆಯ ದಿನ ಅದರ ಮೇಲೆ ಇನ್ನೊಂದು ಪದರ. ಎಂಟನೆಯ ದಿನ ಅವಳ ಬೆನ್ನಮೇಲೆ ತಣ್ಣಗೆ ಏನೋ ಏರಿತು.

ಕರ್ ಕರ್ ಎಂದು ಅರ ಉಜ್ಜತೊಡಗಿತು. ಪಚ್ಚಕ್ಕ ಉಸಿರು ಹಿಡಿದು ಕೂತಳು. ಉಬ್ಬರ ಬಂತು, ಇಳಿಯಿತು. ತೂತು ಬೀಳಲಿಲ್ಲ. ಮತ್ತೆ ಉಬ್ಬರ ಬಂತು. ಕೊನೆಗೆ ಉಜ್ಜುವುದು ನಿಂತಿತು.

"ಏನಮ್ಮ, ವ್ರತ ಮುರಿದೆಯೋ ಹೇಗೆ?" ಎಂದಿತು ಮೆಲುದನಿ.

"ಮುರಿದೆ ಅಪ್ಪಯ್ಯ. ಹೊಟ್ಟೆ ಬಿರಿಯುವಷ್ಟು ಉಂಡೆ."

"ಮೂರ್ಖಳೇ, ನಿನ್ನ ಸಾಲಿನವರೆಲ್ಲ ಎಷ್ಟು ಮೆತ್ತಗೆ ಸಿಕ್ಕಿದರು. ನಿನ್ನಿಂದ ನನ್ನ ನಾಲಿಗೆ ಸವೆದುಹೋಯಿತು."

ಪಚ್ಚಕ್ಕನ ಉಪಾಯ ಇದೇ ಆಗಿತ್ತು: ಅವನನ್ನು ಮಾತಾಡಿಸುವುದು. ಅವನು ಬೈಯುತ್ತ ಹೋದ. ಒಂದೊಂದು ಬೈಗುಳವೂ ನಾರಿನುದ್ದಕ್ಕೂ ನಡುಗುತ್ತ ಊರಿಗೆ ಕೇಳಿಸಿತು. ಅಷ್ಟರಲ್ಲಿ ಅವಳು ಚಿಪ್ಪಿನ ಸಂದಿಯಿಂದ ಕಾಲು ಚಾಚಿ ಅವನ ಶಂಖಕ್ಕೆ ಒಂದು ನಾರು ಅಂಟಿಸಿದಳು. ಇನ್ನೊಂದು ಅಂಟಿಸಿದಳು. ಮೂರನೆಯದನ್ನು ಅಂಟಿಸಿದ್ದು ಅವಳಲ್ಲ, ಕೆಳಗಿನ ಸಾಲಿನಿಂದ ಮಂಕಾಳಜ್ಜಿ. ಆಮೇಲೆ ಎಲ್ಲ ಕಡೆಯಿಂದ ನಾರು ಬಿತ್ತು.

ಶಂಖಪ್ಪಯ್ಯ ಮೊದಲು ನಕ್ಕ. ಕಡಲ ಬಿರುಗಾಳಿ ಕಂಡ ಶಂಖವಿದು, ಹೆಂಗಸರ ದಾರಕ್ಕೆ ನಿಲ್ಲುತ್ತದೆಯೇ ಎಂದ. ಜೋರಾಗಿ ಒಮ್ಮೆ ಎಳೆದ. ನಾರು ಹರಿಯಲಿಲ್ಲ. ಹರಿದದ್ದು ಶಂಖ. ಅದರ ಬಾಯಿಯ ಅಂಚು ಒದ್ದೆ ಹಪ್ಪಳದ ಹಾಗೆ ಕಿತ್ತು ಬಂತು.

 ಎಲ್ಲರಿಗಿಂತ ಹೆಚ್ಚು ದಂಗಾದವನು ಅವನೇ. ಕಿತ್ತ ಚೂರನ್ನು ನೋಡಿದ, ಶಂಖವನ್ನು ಮುಟ್ಟಿ ನೋಡಿಕೊಂಡ. ಮುಟ್ಟಿದಲ್ಲೆಲ್ಲ ಪುಡಿ ಉದುರಿತು.

"ನನ್ನದೂ?" ಎಂದ.

"ನೀರು ಒಂದೇ ಅಲ್ಲವೇ ಅಪ್ಪಯ್ಯ," ಎಂದಳು ಮಂಕಾಳಜ್ಜಿ. "ಹಸಿದವರನ್ನು ತಿಂದೆ. ಹಸಿದವರ ಮೈಯಲ್ಲಿ ನಿನ್ನ ಗೋಡೆಗೆ ಬೇಕಾದ ಸಾರ ಎಲ್ಲಿಂದ ಬರಬೇಕು?"

ಬಿಚ್ಚಿರಿ ಎಂದು ಅವನು ಬೇಡಿದ. ಆಣೆ ಇಟ್ಟ. ಅಜ್ಜಿ ಉತ್ತರ ಕೊಡದೆ ದೊಡ್ಡದಾಗಿ ಬಾಯಿ ತೆರೆದು ಗಂಜಿ ಉಣ್ಣತೊಡಗಿದಳು. ಉಳಿದವರೂ ತೆರೆದರು. ಉಳಿದವರೆಂದರೆ ಊರಿನ ಅರ್ಧ. ಅವರ ನಡುವೆ ಕಟ್ಟಿಬಿದ್ದ ಶಂಖಪ್ಪಯ್ಯ ಊಟವಿಲ್ಲದೆ ದಿನ ಎಣಿಸಿದ. ಒಂದು ತಿಂಗಳು ತುಂಬುವ ಮೊದಲೇ ಸತ್ತ.

ಶಂಖ ಖಾಲಿಯಾದ ಸುದ್ದಿ ತಿಳಿದು ಒಂದು ಸನ್ಯಾಸಿ ಏಡಿ ಬಂತು. ಅವಕ್ಕೆ ಸ್ವಂತ ಚಿಪ್ಪಿಲ್ಲ. ಯಾರಾದರೂ ಬಿಟ್ಟ ಶಂಖದೊಳಗೆ ಸೇರಿಕೊಂಡು ಬಾಳುತ್ತವೆ. ಎಂಥ ಹರಕು ಮನೆಯನ್ನೂ ಬಿಡುವ ಜಾತಿಯಲ್ಲ. ಅದು ಸುತ್ತಲೂ ತಿರುಗಿ ನೋಡಿತು, ಒಳಗೆ ತಲೆ ಹಾಕಿತು, ಹಾಗೆಯೇ ಹಿಂದಕ್ಕೆ ಸರಿಯಿತು. ಪಚ್ಚಕ್ಕ ಯಾಕೆಂದು ಕೇಳಿದಳು.

"ಗೋಡೆ ಎಷ್ಟು ತೆಳ್ಳಗೆಂದರೆ, ಒಳಗೆ ಕೂತರೆ ಹೊರಗಿನ ಮೀನು ಕಾಣುತ್ತದೆ ತಾಯಿ," ಎಂದಿತು ಏಡಿ. "ಇದು ನಾನು ನೋಡಿದ ಮೂರನೆಯ ಮನೆ. ಮೂರೂ ಹೀಗೆಯೇ."

ಅದು ಬರಿಮೈಯಲ್ಲಿ ಪಾಚಿಯ ಕಡೆ ಹೋಯಿತು.

ನೀತಿ: ಹಸಿದವರಿಗೆ ಉಪವಾಸ ಹೇಳುವವನ ಹೊಟ್ಟೆಯನ್ನು ಮೊದಲು ನೋಡಬೇಕು. ಎಲ್ಲರೂ ಬಾಳುವ ನೀರು ಕೆಟ್ಟರೆ, ಆ ಕೇಡಿನಲ್ಲಿ ಲಾಭ ಹುಡುಕಿದವನ ಮನೆಯೂ ನಿಲ್ಲುವುದಿಲ್ಲ.