ಬಾಟ್ಲಿ ಬಿಡದ ಬೀರಪ್ಪ

ಕೃಷ್ಣೆಯ ದಂಡೆಗೆ ರಾಚಪ್ಪ ಗುರುಗಳ ಆಶ್ರಮ. ಆಶ್ರಮ ಅಂದರೆ ಒಂದು ತಗಡಿನ ಶೆಡ್ಡು, ಹನ್ನೆರಡು ಸೈಕಲ್ಲು. ಗುರುಗಳು ಒಂದು ಕಾಲಕ್ಕೆ ದೊಡ್ಡ ರೇಸುಗಾರರು. ಈಗ ಮೊಣಕಾಲು ಹೋಗಿವೆ, ನಾಲಗೆ ಮಾತ್ರ ಗಟ್ಟಿ.

ಅಲ್ಲಿಗೆ ಶಿಷ್ಯ ಬೀರಪ್ಪ ಪೇಢೆ ಹಿಡಿದು ಬಂದ. ಸಂಬಳ ತಗೊಂಡು ಸೈಕಲ್ ರೇಸು ಹೊಡೆಯುವವನು. ಗುಡ್ಡದ ರೇಸಿನಲ್ಲಿ ಮೂರನೆಯವನಾಗಿದ್ದ. ಮಾರನೇ ದಿನ ದೊಡ್ಡ ತಂಡವೊಂದು ಇವನ ಸಹಿ ಹಾಕಿಸಿಕೊಳ್ಳುವುದಿತ್ತು. ಹೊಸ ಬೂಟು, ಕಣ್ಣಿಗೆ ಕರೀ ಕನ್ನಡಕ. ಏನು ಗತ್ತು ಅಂತೀರಿ!

"ಗುಡ್ಡ ಹೆಂಗ ಏರಿದಿ?" ಗುರುಗಳು ಕೇಳಿದರು.

"ನಿಮ್ಮ ಆಶೀರ್ವಾದರೀ."

"ನನ್ನ ಆಶೀರ್ವಾದ ಡೀಸೆಲ್ ಮ್ಯಾಲ ಓಡತೈತೇನೋ?"

ಬೀರಪ್ಪನ ಮುಖ ಇಳೀತು.

ಆಗಿದ್ದಿಷ್ಟು. ಏರಿನಲ್ಲಿ ಇವನ ಈಗಿನ ತಂಡದ ಕಾರು ಪಕ್ಕಕ್ಕೆ ಬಂದು, ಕಿಟಕಿಯಿಂದ ಮ್ಯಾನೇಜರು ನೀರಿನ ಬಾಟ್ಲಿ ಚಾಚಿದ. ಇಸಕೊಂಡು ಮುಂದೆ ಹೋಗಬೇಕು, ಅದು ನೇಮ. ಇವನೂ ಬಿಡಲಿಲ್ಲ, ಅವನೂ ಬಿಡಲಿಲ್ಲ. ಒಂದೇ ಬಾಟ್ಲಿ ಇಬ್ಬರೂ ಹಿಡಿದು, ಅರ್ಧ ಏರು ಕಾರೇ ಎಳೆದೊಯ್ದಿತು, ಹೋರಿಯನ್ನು ಸಂತೆಗೆ ಎಳೆದಂಗೆ. ತೀರ್ಪುಗಾರರು ನೋಡಲಿಲ್ಲ. ಮೇಕೆ ಕಾಯುವ ಫಕೀರವ್ವ ನೋಡಿದಳು. ಅವಳು ನೋಡಿದ ಮೇಲೆ ಊರಿಗೆ ಗೊತ್ತಾಗಲು ಎಷ್ಟು ಹೊತ್ತು?

"ಎಲ್ಲಾರೂ ಹಂಗ ಮಾಡತಾರ್ರೀ," ಅಂದ ಬೀರಪ್ಪ.

ಗುರುಗಳು ಮಜ್ಜಿಗೆ ಲೋಟ ಚಾಚಿದರು.

ಬೀರಪ್ಪ ಎರಡೂ ಕೈಯಿಂದ ಹಿಡಿದ. ಗುರುಗಳು ಬಿಡಲಿಲ್ಲ. ಲೋಟ ಹಿಡಿದೇ ಹೊಳೆಯ ಕಡೆ ನಡೆದರು. ಗುರು ಕೊಟ್ಟದ್ದನ್ನು ಕೈಬಿಡುವುದು ಹೆಂಗೆ? ಶಿಷ್ಯ ಹಿಂದೆ ಹಿಂದೆ. ಬಟ್ಟೆ ಒಗೆಯುವ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಬೂಟು ಮುಳುಗಿತು, ನೀರು ಮೊಣಕಾಲಿಗೆ ಬಂತು.

"ಬಿಡ್ರೀ ಗುರುಗಳ!"

"ನಾ ಮುದುಕ, ಬಿದ್ದೇನು ಅಂತ ಹಿಡದೀನಿ. ನಿನಗೇನಾಗೇತಿ?"

ಬೀರಪ್ಪ ಬಿಟ್ಟ. ಗುರುಗಳು ಮಜ್ಜಿಗೆಯನ್ನು ತಾವೇ ಗಟಗಟ ಕುಡಿದರು.

ಅಲ್ಲೇ ನೀರಲ್ಲಿ ನಿಂತು ಬೀರಪ್ಪ ದೊಡ್ಡ ತಂಡದವರಿಗೆ ಫೋನು ಹಚ್ಚಿ ಎಲ್ಲಾ ಒದರಿದ. ಆ ಕಡೆಯವರ ಬೈಗುಳ ದಂಡೆಯವರೆಗೂ ಕೇಳಿತು. ಎಂಥೆಂಥ ಬೈಗುಳ, ಬರೆಯೋ ಹಂಗಿಲ್ಲ.

"ಬ್ಯಾಡಂತ್ರೀ ನಾನು," ಅಂದವನು, ಅದೇನಾಯಿತೋ, ನಕ್ಕುಬಿಟ್ಟ. "ಪದಕಾನೂ ತಿರುಗಿ ಕೊಡತೀನಿ. ಆದ್ರ ಗುರುಗಳ, ಮುಂದಿನ ವರ್ಷ ಅದೇ ಗುಡ್ಡದಾಗ ಎಲ್ಲಾರಕಿಂತ ಕಡೀಗೆ ಬಂದ್ರ?"

ಗುರುಗಳು ಮೀಸೆ ಒರೆಸಿಕೊಂಡರು.

"ಬಾರಲೇ. ಈ ಸಲ ಅರ್ಧಾ ಗುಡ್ಡ ಕಾರು ಏರೇತಿ. ಕಡೀಗೆ ಬಂದಾವಗ ಗುಡ್ಡ ಪೂರಾ ಸಿಗತೈತಿ."