ಮೂರು ಲಾಕುಗಳ ಕೆಳಗಿನ ಊರು

ಕಾಲುವೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ರುದ್ರಮುನಿ ಅಜ್ಜ ಇದ್ದರು. ಅವರ ಬಳಿ ಹೊನ್ನಪ್ಪನೆಂಬ ಶಿಷ್ಯ ಬಂದು ಒಂದು ವರ್ಷವಾಗುತ್ತ ಬಂದಿತ್ತು.

ಹೊನ್ನಪ್ಪನ ಮಗಳು ನೀಲವ್ವ ಐದನೆಯ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಮಣ್ಣು ಮಾಡಿದ ಹನ್ನೆರಡನೆಯ ದಿನ ಅವನು ಮನೆ ಬಿಟ್ಟಿದ್ದ. ಹೆಂಡತಿ ಕಾಶವ್ವ ಊರಲ್ಲೇ ಉಳಿದಳು.

ವರ್ಷವಿಡೀ ಅವನು ಅಜ್ಜನನ್ನು ಕೇಳಿದ್ದು ಒಂದೇ ಮಾತು. ಮನಸ್ಸು ನಿಲ್ಲುವುದು ಹೇಗೆ? ಅಜ್ಜ ಒಮ್ಮೆ ಕಸಬರಿಗೆ ಕೊಟ್ಟರು. ಒಮ್ಮೆ ದನಗಳಿಗೆ ನೀರು ಕುಡಿಸಿ ಬಾ ಎಂದರು. ಉತ್ತರ ಮಾತ್ರ ಕೊಡಲಿಲ್ಲ.

ಒಂದು ಬೆಳಿಗ್ಗೆ ಕಾಶವ್ವ ಹೇಳಿ ಕಳಿಸಿದಳು. ಇವತ್ತು ಸಂಜೆ ಮಗುವಿನ ವರ್ಷದ ಪೂಜೆ. ಊರವರೆಲ್ಲ ಸೇರುತ್ತಾರೆ. ಬರುವುದಾದರೆ ಇವತ್ತು ಬಾ. ಇವತ್ತು ಬಾರದಿದ್ದರೆ ಇನ್ನು ಎಂದೂ ಬರಬೇಡ.

ಹೊನ್ನಪ್ಪ ಅಜ್ಜನ ಮುಂದೆ ಬಂದು ಕುಳಿತ. ಅವಳ ಮುಖ ನೋಡುವ ಧೈರ್ಯ ತನಗಿಲ್ಲ, ಬಾಯಲ್ಲಿ ಹೇಳಿಕೊಂಡು ಹೋಗಲು ಒಂದು ಮಂತ್ರವಾದರೂ ಕೊಡಿ ಎಂದ.

ಅಜ್ಜ ಒಳಗೆ ಹೋಗಿ ದೋಣಿಯ ಹುಟ್ಟು ತಂದು ಅವನ ಕೈಗಿಟ್ಟರು.

"ದೋಣಿ ಬಿಚ್ಚು. ನಾನೂ ಬರ್ತೀನಿ."

ಆ ಊರು ಕಾಲುವೆಯ ಕೆಳಗಿನ ತುದಿಯಲ್ಲಿತ್ತು. ನಡುವೆ ನೆಲ ಮೂರು ಕಡೆ ತಗ್ಗುತ್ತದೆ. ತಗ್ಗುವ ಕಡೆಯೆಲ್ಲ ಕಲ್ಲಿನ ಒಂದು ಉದ್ದನೆಯ ತೊಟ್ಟಿ. ತೊಟ್ಟಿಗೆ ಮೇಲೊಂದು, ಕೆಳಗೊಂದು ಮರದ ಬಾಗಿಲು. ದೋಣಿ ಒಳಗೆ ಬಂದ ಮೇಲೆ ಮೇಲಿನ ಬಾಗಿಲು ಮುಚ್ಚಿ ಕೆಳಗಿನ ತೂಬು ಎತ್ತುತ್ತಾರೆ. ನೀರು ಇಳಿಯುತ್ತದೆ, ನೀರಿನ ಜೊತೆ ದೋಣಿಯೂ ಇಳಿಯುತ್ತದೆ. ಜನ ಅದನ್ನು ಲಾಕು ಎನ್ನುತ್ತಾರೆ.

ಮೊದಲನೆಯ ಲಾಕಿನಲ್ಲಿ ತೊಟ್ಟಿ ಖಾಲಿಯಾಗಿತ್ತು. ಕೆಳಗೆ ದೂರದಲ್ಲಿ ಇಟ್ಟಿಗೆ ತುಂಬಿದ ದೋಣಿಯೊಂದು ಬರುತ್ತಿತ್ತು. ಎದುರಿನ ದೋಣಿ ಕಣ್ಣಿಗೆ ಬಿದ್ದರೆ ಕಾಯಬೇಕು, ಅದು ತೊಟ್ಟಿಯೊಳಗೆ ಬಂದು ತುಂಬುವ ನೀರಿನ ಜೊತೆ ಮೇಲೇರಿದ ಮೇಲೆ, ಅದೇ ನೀರಲ್ಲಿ ನೀವು ಇಳಿಯಬೇಕು. ಬರಿಯ ತೊಟ್ಟಿ ತುಂಬಿಸಿ ನೀರು ಪೋಲು ಮಾಡುವಂತಿಲ್ಲ. ಕಾಲುವೆಯ ಕಟ್ಟಳೆ ಅದು.

ಇಟ್ಟಿಗೆಯ ದೋಣಿ ಬಹಳ ನಿಧಾನವಾಗಿ ಬಂತು. ಹೊನ್ನಪ್ಪ ಬೇಸರ ಪಡಲಿಲ್ಲ. ದೋಣಿಯ ತಳ ತೊಳೆದ. ಹಗ್ಗಗಳನ್ನು ಸುತ್ತಿಟ್ಟ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ.

"ತಡ ಆಗಾಕತ್ತೈತಿ," ಎಂದರು ಅಜ್ಜ.

"ಆಗಲಿ ಬಿಡ್ರಿ ಅಜ್ಜಾರ. ನೀರು ಹಾಳ ಮಾಡಬಾರದಲ್ಲ."

"ನೀರಿನ ಮ್ಯಾಲ ಇವತ್ತ ಭಾಳ ಪ್ರೀತಿ ಬಂದೈತಿ ನಿನಗ."

ಹೊನ್ನಪ್ಪ ತಲೆ ತಗ್ಗಿಸಿದ. ಇಟ್ಟಿಗೆಯ ದೋಣಿ ಮೇಲೆ ಬಂದ ಮೇಲೆ ಅಜ್ಜನೇ ಹಗ್ಗ ಹಿಡಿದು ತಮ್ಮ ದೋಣಿ ಇಳಿಸಿದರು.

ಎರಡನೆಯ ಲಾಕು ಮೂರರಲ್ಲಿ ಎಲ್ಲಕ್ಕಿಂತ ಆಳವಾದದ್ದು. ಅದನ್ನು ನೋಡಿಕೊಳ್ಳುವವಳು ಹುಸೇನಬಿ. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಅವಳಿಗೆ ಬಂದಿತ್ತು. ತೂಬಿನ ತಿರುಗಣಿ ತಿರುಗಿಸುವಾಗ ಅವಳ ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ ಇರುತ್ತಿತ್ತು.

ಅಜ್ಜ ಹಿಂದೆ ಕುಳಿತರು. ಹಿಂದಿನ ಹಗ್ಗವನ್ನು ದಂಡೆಯ ಗೂಟಕ್ಕೆ ಒಂದೇ ಸುತ್ತು ಹಾಕಿ ತುದಿಯನ್ನು ಕೈಯಲ್ಲಿ ಹಿಡಿದರು. ಹೊನ್ನಪ್ಪ ಮುಂದೆ ಇದ್ದ. ಅವನು ಮುಂದಿನ ಹಗ್ಗವನ್ನು ಗೂಟಕ್ಕೆ ಮೂರು ಗಂಟು ಹಾಕಿ ಬಿಗಿದ.

ಅಜ್ಜ ನೋಡಿದರು.

ತೂಬು ಎದ್ದಿತು. ನೀರು ಇಳಿಯತೊಡಗಿತು. ಅಜ್ಜನ ಕೈಯಿಂದ ಹಗ್ಗ ಸ್ವಲ್ಪ ಸ್ವಲ್ಪವೇ ಜಾರುತ್ತಿತ್ತು. ಹಿಂಭಾಗ ಇಳಿಯಿತು. ಮುಂಭಾಗ ಇಳಿಯಲಿಲ್ಲ. ಹಗ್ಗ ಬಿಗಿಯಾಯಿತು, ಗೂಟ ಕಿರುಗುಟ್ಟಿತು, ದೋಣಿ ಮೂಗು ಮೇಲೆತ್ತಿ ನೇತಾಡಿತು. ಹುಟ್ಟು ಜಾರಿ ಅಜ್ಜನ ಕಾಲಿಗೆ ಬಂದು ಬಡಿಯಿತು.

ಹುಸೇನಬಿ ತೂಬು ಇಳಿಸಿ ದಂಡೆಯ ಅಂಚಿಗೆ ಬಂದು ನೋಡಿದಳು.

"ಅಜ್ಜಾರ, ನಿಮ್ಮ ಶಿಷ್ಯ ದೋಣಿನ ಎಮ್ಮಿ ಅಂತ ತಿಳಕೊಂಡಾನೇನ್ರಿ? ಗೂಟಕ್ಕ ಬಿಗದು ಕುಂತಾನ."

ಹೊನ್ನಪ್ಪ ಗಂಟಿಗೆ ಕೈ ಹಾಕಿದ. ಇಡೀ ದೋಣಿಯ ಭಾರ ಆ ಗಂಟಿನ ಮೇಲಿತ್ತು. ಬೆರಳು ಒಳಗೆ ಹೋಗಲಿಲ್ಲ. ಅವನು ಸೊಂಟದ ಚಾಕು ತೆಗೆದ.

"ಕೊಯ್ದರ ಮುಂದಿನ ಭಾಗ ಒಮ್ಮೆಲೇ ಬೀಳತೈತಿ," ಎಂದರು ಅಜ್ಜ. "ಒಳಗ ಇಡು."

"ಮತ್ತ ಏನ್ ಮಾಡ್ಲಿ?"

ಅಜ್ಜ ಹುಸೇನಬಿಯ ಕಡೆ ನೋಡಿದರು. ಅವಳು ಗೊಣಗಿಕೊಂಡು ಮೇಲಿನ ಬಾಗಿಲಿನತ್ತ ನಡೆದಳು. ಇಳಿದಷ್ಟು ನೀರನ್ನು ಮತ್ತೆ ತುಂಬಬೇಕು, ದೋಣಿ ಮೊದಲಿದ್ದ ಎತ್ತರಕ್ಕೆ ಹೋಗಬೇಕು, ಆಗಲೇ ಹಗ್ಗ ಸಡಿಲವಾಗುವುದು. ಅದು ಬಿಟ್ಟು ಬೇರೆ ದಾರಿ ಇಲ್ಲ ಎಂದು ಹೋಗುತ್ತಲೇ ಹೇಳಿದಳು. ಪೋಲಾದ ನೀರಿಗೆ ಮೇಲಿನ ಅಧಿಕಾರಿಗಳಿಗೆ ತಾನೇ ಜವಾಬು ಹೇಳಬೇಕು ಎಂದೂ ಹೇಳಿದಳು.

ನೀರು ಏರಿತು. ದೋಣಿ ಮೊದಲಿದ್ದಲ್ಲಿಗೆ ಬಂತು. ಹೊನ್ನಪ್ಪ ಒಂದೊಂದಾಗಿ ಮೂರೂ ಗಂಟು ಬಿಚ್ಚಿದ.

"ಒಂದ ಸುತ್ತು," ಎಂದರು ಅಜ್ಜ. "ತುದಿ ಕೈಯಾಗ ಇರಲಿ. ನೀರು ಕೇಳಿದಷ್ಟು ಕೊಡು."

ಎರಡನೆಯ ಸಲ ತೂಬು ಎದ್ದಿತು. ಹಗ್ಗ ಹೊನ್ನಪ್ಪನ ಅಂಗೈಯಲ್ಲಿ ಇಂಚಿಂಚಾಗಿ ಜಾರಿತು. ಕಲ್ಲಿನ ಗೋಡೆ ಎರಡೂ ಕಡೆ ಎದ್ದಿತು. ಪಾಚಿಯ ವಾಸನೆ ಬಂತು. ಆಕಾಶ ಒಂದು ಪಟ್ಟಿಯಷ್ಟಾಯಿತು.

ಅಲ್ಲಿ, ಹಿಂದೆ ತಿರುಗದೆ, ಅವನು ಮಾತಾಡಿದ.

"ಅಜ್ಜಾರ, ಅವತ್ತು ಸಂಜಿಗೇ ಕಾಶವ್ವ ಅಂದಿದ್ಲು. ಕೂಸಿನ ಮೈ ಸುಡಾಕತ್ತೈತಿ, ದವಾಖಾನಿಗೆ ಹೋಗೂಣು ಅಂತ. ನಾ ಮುಂಜಾನೆ ನೋಡೂಣು ಅಂದೆ."

ಹಗ್ಗ ಜಾರುತ್ತಲೇ ಇತ್ತು.

"ಕೂಸಿಗೆ ಮುಂಜಾನೆ ಆಗಲಿಲ್ಲ."

ಅಜ್ಜ ತಮ್ಮ ಹಗ್ಗವನ್ನು ಇನ್ನಷ್ಟು ಬಿಟ್ಟರು.

ಉಳಿದದ್ದನ್ನು ಅವನು ತಡೆದು ತಡೆದು ಹೇಳಿದ. ಮಣ್ಣು ಮಾಡಿ ಬಂದ ದಿನ ಅವನ ತಾಯಿ ಎಲ್ಲರ ಎದುರಿಗೆ, ಹೆತ್ತವಳಿಗೆ ಕೂಸಿನ ಜ್ವರ ತಿಳಿಯಲಿಲ್ಲವೇ ಎಂದು ಕಾಶವ್ವನನ್ನು ಕೇಳಿದ್ದಳು. ಮರುದಿನದಿಂದ ಓಣಿಯೆಲ್ಲ ಅದನ್ನೇ ಆಡಿತು. ಬಾವಿಯ ಹತ್ತಿರ ಹೆಂಗಸರು ಅವಳ ಕೊಡಕ್ಕೆ ಜಾಗ ಬಿಡಲಿಲ್ಲ. ಕಾಶವ್ವ ಬಾಯಿ ತೆರೆಯಲಿಲ್ಲ. ಅವನು ಅಲ್ಲೇ ಇದ್ದ. ಅವನೂ ತೆರೆಯಲಿಲ್ಲ. ಹನ್ನೊಂದು ದಿನ ಹಾಗೆ ಕುಳಿತು, ಹನ್ನೆರಡನೆಯ ದಿನ ಆಶ್ರಮಕ್ಕೆ ಬಂದ.

ತೊಟ್ಟಿಯ ನೀರು ಕೆಳಗಿನ ಕಾಲುವೆಗೆ ಸಮನಾಯಿತು. ಹುಸೇನಬಿ ಬಾಗಿಲು ತೆರೆದಳು. ಅವಳು ಎಷ್ಟು ಕೇಳಿಸಿಕೊಂಡಿದ್ದಳೋ ತಿಳಿಯದು. ದೋಣಿ ಹೊರಡುವಾಗ ಈ ಸಲ ಹಾಸ್ಯ ಮಾಡಲಿಲ್ಲ. ಮುಂದೆ ಹೂಳು ಇದೆ, ಬಲಕ್ಕೆ ಹಿಡಿದು ಹೋಗು ಅಣ್ಣ ಎಂದಷ್ಟೇ ಹೇಳಿದಳು.

ಮೂರನೆಯ ಲಾಕಿನಲ್ಲಿ ಕಾಯುವುದಿರಲಿಲ್ಲ. ಹೊನ್ನಪ್ಪ ಹಗ್ಗವನ್ನು ಸರಿಯಾಗಿ ಹಿಡಿದ. ಕೆಳಗಿನ ಬಾಗಿಲು ತೆರೆದಾಗ ಊರಿನ ಮೆಟ್ಟಿಲುಗಳು ಕಂಡವು. ಬಿಸಿಲು ಇಳಿದಿತ್ತು. ಮೆಟ್ಟಿಲಿನ ಮೇಲೆ ಜಮಖಾನ ಹಾಸಿ ಊರವರು ಕುಳಿತಿದ್ದರು. ಅವನ ತಾಯಿ ಮುಂದೆ ಇದ್ದಳು. ಕಾಶವ್ವ ಎಲ್ಲರಿಂದ ದೂರ, ಕೊನೆಯ ಮೆಟ್ಟಿಲಲ್ಲಿ, ನೀರಿನ ಹತ್ತಿರ ಒಬ್ಬಳೇ ಕುಳಿತಿದ್ದಳು. ಅವಳು ಬಹಳ ತೆಳ್ಳಗಾಗಿದ್ದಳು.

ದೋಣಿ ನೋಡಿ ಅವಳು ಎದ್ದು ನಿಂತಳು. ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ.

ಹೊನ್ನಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. ದೋಣಿ ತಾನಾಗಿಯೇ ಮೆಟ್ಟಿಲಿನ ಕಡೆ ತೇಲಿತು. ಅವನು ಅಜ್ಜನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದ.

"ಅಜ್ಜಾರ, ಇಷ್ಟು ಮಂದಿ ಅದಾರ. ಮೊದಲು ಆಕಿನ್ನ ಒಂದ ಕಡೆ ಕರಕೊಂಡು ಹೋಗಿ, ತಪ್ಪು ನಂದು ಅಂತ ಆಕಿಗೆ ಅಷ್ಟ ಹೇಳಲೇನ್ರಿ?"

ಅಜ್ಜ ಮೆಟ್ಟಿಲಿನ ಮೇಲೆ ಕುಳಿತ ಮಂದಿಯ ಕಡೆ ನೋಡುತ್ತಿದ್ದರು.

"ಆಕಿಗೆ ಗೊತ್ತೈತಿ, ಹೊನ್ನಪ್ಪ."