ಏಳು ಸುತ್ತಿನ ಕೋಟೆಯ ಅಡ್ಡಗಲ್ಲು

ಪೂಜ್ಯ ಹಾಲಮ್ಮ ತಾಯಿಯವರು ವಾಸವಾಗಿದ್ದುದು ಮಠದಲ್ಲೂ ಅಲ್ಲ, ಗುಡಿಯಲ್ಲೂ ಅಲ್ಲ. ಹೊಳೆದಂಡೆಯ ಹಾಸುಬಂಡೆಯ ಮಗ್ಗುಲಲ್ಲಿ ಒಂದು ತಗಡಿನ ಚಪ್ಪರ, ಒಂದು ಮಣ್ಣಿನ ಕೊಡ, ಹೊದೆಯಲು ಒಂದು ಕೌದಿ. ಅಷ್ಟೇ ಅವರ ಸಂಸಾರ. ಬಂಡೆಯ ಮೇಲೆ ಹೊಳೆಯ ಗುಂಡುಕಲ್ಲುಗಳನ್ನು ಸಾಲಾಗಿ ಜೋಡಿಸಿ ಅವರು ಏಳು ಸುತ್ತಿನ ಕೋಟೆ ಮಾಡಿದ್ದರು. ಅದಕ್ಕೆ ಒಂದೇ ಬಾಗಿಲು, ಒಂದೇ ದಾರಿ. ಇನ್ನೇನು ನಡು ಸಿಕ್ಕಿತು ಅನ್ನುವಷ್ಟರಲ್ಲಿ ಮತ್ತೆ ಹೊರಸುತ್ತಿಗೆ ತಂದು ಬಿಡುವ ತುಂಟ ದಾರಿ ಅದು. ಪ್ರತಿದಿನ ಹೊತ್ತು ಮೂಡುವಾಗ ತಾಯಿಯವರು ಬರಿಗಾಲಲ್ಲಿ ಅದರೊಳಗೆ ನಡೆದು, ನಡುವೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ಹೋದ ದಾರಿಯಲ್ಲೇ ಹೊರಬರುತ್ತಿದ್ದರು. ಬೇರೆ ಪೂಜೆ ಪುನಸ್ಕಾರ ಅವರಿಗಿರಲಿಲ್ಲ. ಸಂಜೆಯಾದರೆ ಊರ ಮಕ್ಕಳು ಅದೇ ಕೋಟೆಯಲ್ಲಿ ಕುಂಟುತ್ತ ಮುಟ್ಟಾಟ ಆಡುತ್ತಿದ್ದರು. ತಾಯಿಯವರು ಅದಕ್ಕೆ ಒಂದು ದಿನವೂ ಬೇಡವೆಂದವರಲ್ಲ.

ಒಂದು ದಿನ ಮಕ್ಕಳೆಲ್ಲ ಆಟ ಮುಗಿಸಿ ಮನೆಗೆ ಹೋದ ಮೇಲೆ, ಇನ್ನೂ ಬೆಳಕಿರುವಾಗಲೇ ಕಂಚುಗಾರ ಮಾನಪ್ಪ ಅಲ್ಲಿಗೆ ಬಂದ. ಕೈ ಮುಗಿಯಲು ಬಂದವನಲ್ಲ. ಮುಖ ನೋಡಿದರೆ ಜಗಳಕ್ಕೇ ಬಂದವನಂತಿದ್ದ. ಅವನ ಓಣಿಯಲ್ಲಿ ಒಂದು ರೂಢಿಯಿತ್ತು. ಬಸುರಿಗೆ ದಿನ ತುಂಬಿದಾಗ ಮನೆಯ ಗಂಡಸೇ ಹಿತ್ತಾಳೆಯ ಗಂಗಾಳದಲ್ಲಿ, ಅಂದರೆ ಊಟದ ತಟ್ಟೆಯಲ್ಲಿ, ಏಳು ಸುತ್ತಿನ ಕೋಟೆಯನ್ನು ಉಬ್ಬುಗೆರೆಗಳಲ್ಲಿ ಬಡಿದು ಕೊಡಬೇಕು. ನೋವು ಶುರುವಾದಾಗ ಆಕೆ ಆ ಗೆರೆಗಳ ನಡುವೆ ಬೆರಳು ನಡೆಸಿ ನಡುವನ್ನು ಮುಟ್ಟಬೇಕು. ಮುಟ್ಟಿದರೆ ಕೂಸಿಗೂ ದಾರಿ ಸಿಗುತ್ತದೆಂದು ಅವರ ನಂಬಿಕೆ. ಮಾನಪ್ಪನ ಒಬ್ಬಳೇ ಮಗಳು ಸುನಂದಾ ಈಗ ತುಂಬು ಬಸುರಿ. ಗಂಗಾಳ ಅಪ್ಪನ ಕೈಯಿಂದಲೇ ಆಗಬೇಕೆಂದು ಅವಳ ಹಟ. ಆಗುವುದಿಲ್ಲ ಎಂದು ಇವನ ಹಟ. ಏಕೆಂದು ಮಾತ್ರ ಬಾಯಿ ಬಿಡಲೊಲ್ಲ. ಎಂಟು ದಿನದಿಂದ ಅಪ್ಪ ಮಗಳ ನಡುವೆ ಮಾತಿಲ್ಲ. ಇದೆಲ್ಲ ಬರೀ ಮೂಢನಂಬಿಕೆ ಎಂದು ತಾಯಿಯವರು ಅವಳಿಗೊಂದು ಮಾತು ಹೇಳಿಬಿಡಬೇಕು ಎಂಬುದು ಅವನ ಬೇಡಿಕೆಯಾಗಿತ್ತು.

ತಾಯಿಯವರು ಅವನನ್ನು ಚಪ್ಪರದಡಿ ಕೂರಿಸಿದರು. ಮೊದಲು ರೊಟ್ಟಿ ತಿನ್ನು ಎಂದರು.

ರೊಟ್ಟಿ ಮುರಿಯುತ್ತ ಕುಳಿತ ಮಾನಪ್ಪನ ಕಣ್ಣು ಮತ್ತೆ ಮತ್ತೆ ಕಲ್ಲಿನ ಕೋಟೆಯ ಕಡೆಗೇ ಹೋಗುತ್ತಿತ್ತು. ಕಸಬುದಾರನ ಕಣ್ಣು, ಸುಮ್ಮನಿದ್ದೀತೇ? ಎದ್ದು ಹೋಗಿ ಬಾಗಿಲಿನಿಂದ ಒಂದೊಂದೇ ಸುತ್ತನ್ನು ಕಣ್ಣಲ್ಲೇ ಅಳೆಯತೊಡಗಿದ. ಐದನೆಯ ಸುತ್ತಿಗೆ ಬಂದಾಗ ಅವನ ಕಣ್ಣು ಅಲ್ಲೇ ನಿಂತಿತು. ದಾರಿಗೆ ಅಡ್ಡವಾಗಿ ಒಂದು ಕಲ್ಲು ಕುಳಿತಿತ್ತು. ಅಲ್ಲಿಂದ ಮುಂದೆ ದಾರಿಯೇ ಇಲ್ಲ! ಹಾಗಾದರೆ ಈ ತಾಯಿ ದಿನವೂ ನಡು ಮುಟ್ಟುವುದು ಹೇಗೆ? ಬೆಳಿಗ್ಗೆ ಕಣ್ಣಾರೆ ನೋಡಿಯೇ ಹೋಗಬೇಕೆನಿಸಿತು. ಜಗಳವೆಲ್ಲ ಮರೆತುಹೋಗಿ ಅಂದು ಅಲ್ಲೇ ಚಪ್ಪರದಡಿ ಮಲಗಿದ.

ಬೆಳಗಾಯಿತು. ತಾಯಿಯವರು ಕೋಟೆಯೊಳಗೆ ಕಾಲಿಟ್ಟರು. ಮಾನಪ್ಪ ಬಂಡೆಯ ಅಂಚಿನಲ್ಲಿ ತುದಿಗಾಲಲ್ಲಿ ಕುಳಿತ. ಒಂದು, ಎರಡು, ಮೂರು, ನಾಲ್ಕು ಸುತ್ತು ಕಳೆದು ಐದನೆಯ ಸುತ್ತು ಬಂತು. ತಾಯಿಯವರು ನಿಂತರು, ಬಾಗಿದರು, ಅಡ್ಡಗಲ್ಲನ್ನು ಎತ್ತಿ ಅದರ ಸಾಲಿನಲ್ಲಿಟ್ಟರು, ಮುಂದೆ ನಡೆದರು. ಅಷ್ಟೇ. ಏನೋ ದೊಡ್ಡ ಗುಟ್ಟು ಕಾಣುವೆನೆಂದು ಕಾದಿದ್ದ ಮಾನಪ್ಪನಿಗೆ ಪೆಚ್ಚೆನಿಸಿತು. ಅವರು ಹೊರಬಂದ ಮೇಲೆ, ಆ ಕಲ್ಲು ಅಲ್ಲಿಗೆ ಹೇಗೆ ಬಂತೆಂದು ತಡೆಯಲಾರದೆ ಕೇಳಿಯೇಬಿಟ್ಟ.

“ದಿನಾ ಎಲ್ಲ್ಯೋ ಒಂದು ಕಡೆ ಮುಚ್ಚಿರತೈತಿ ತಮ್ಮಾ,” ಎಂದರು ತಾಯಿಯವರು. “ಹುಡುಗರ ಕಾಲು ತಾಗಿರತೈತಿ. ಬಾಗಬೇಕು, ಸರಸಬೇಕು, ಹೋಗಬೇಕು.”

ಆ ಮಾತಿಗೆ ಮಾನಪ್ಪ ಬಾಯಿ ಬಿಚ್ಚಿದ. ಇಪ್ಪತ್ನಾಲ್ಕು ವರ್ಷ ಯಾರಿಗೂ ಹೇಳದ್ದನ್ನು ಹೇಳಿದ. ಹೆಂಡತಿ ಕಾಳಮ್ಮನಿಗೆ ಗಂಗಾಳ ಬಡಿದವನೂ ಅವನೇ. ರಂಗೋಲಿಯಂತೆ ಚುಕ್ಕಿಯಿಟ್ಟು ಗೆರೆ ಕೂಡಿಸುವಾಗ ಅವಸರದಲ್ಲಿ ಐದನೆಯ ಸುತ್ತಿನಲ್ಲಿ ಒಂದು ಚುಕ್ಕಿ ಬಿಟ್ಟು ಮುಂದಿನ ಚುಕ್ಕಿಗೆ ಕೂಡಿಸಿದ್ದ, ದಾರಿ ಮುಚ್ಚಿಹೋಗಿತ್ತು. ನೋವಿನ ನಡುವೆ ಕಾಳಮ್ಮನ ಬೆರಳು ಆ ಗೆರೆಗೆ ತಾಗಿ ನಿಂತದ್ದನ್ನು ಅವನು ಕಣ್ಣಾರೆ ಕಂಡಿದ್ದ. ಸುನಂದಾ ಹುಟ್ಟಿದಳು. ಮೂರನೆಯ ದಿನ ನಂಜೇರಿ ಕಾಳಮ್ಮ ತೀರಿಕೊಂಡಳು. ತನ್ನ ಕೈಯೇ ಅವಳ ದಾರಿ ಮುಚ್ಚಿತು ಎಂದು ಅವನು ಅಂದಿನಿಂದ ಕೋಟೆ ಬಡಿಯುವುದನ್ನೇ ಬಿಟ್ಟಿದ್ದ. ಆ ಗಂಗಾಳ ಇನ್ನೂ ಅಟ್ಟದ ಮೇಲೆ ಬೋರಲಾಗಿ ಬಿದ್ದಿತ್ತು.

ತಾಯಿಯವರು ಸಮಾಧಾನ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು. “ಬೆರಳು ನಿಂತಾಗ ಆಕಿ ಏನು ಮಾಡಿದ್ಲು?”

ಇದನ್ನು ಯಾರೂ ಅವನನ್ನು ಕೇಳಿರಲಿಲ್ಲ. ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ. ಬೆರಳು ನಿಂತಲ್ಲಿಗೇ ಅವನ ನೆನಪೂ ನಿಂತುಬಿಟ್ಟಿತ್ತು. ಮಾನಪ್ಪ ಕಣ್ಣು ಮುಚ್ಚಿದ. ಆಮೇಲೆ ಕಂಡಿತು: ಕಾಳಮ್ಮ ಅವನ ಮುಖ ನೋಡಿ, ಆ ನೋವಿನಲ್ಲೂ ನಕ್ಕು, ಬೆರಳನ್ನು ಗೆರೆಯ ಆಚೆಗೆ ಎತ್ತಿಟ್ಟು, ನೇರ ನಡುವಿಗೆ ಒತ್ತಿ, ಮುಟ್ಟಿದೆ ನೋಡ್ರಿ ಎಂದಿದ್ದಳು. ಮಾನಪ್ಪ ಅದನ್ನು ಹೇಳುತ್ತ ಹೇಳುತ್ತ ಮಗುವಿನಂತೆ ಅತ್ತ.

“ಆಕಿ ದಾಟಿ ಹೋದ್ಲು. ಅಲ್ಲೇ ನಿಂತಾಂವ ನೀನು,” ಎಂದರು ತಾಯಿಯವರು. “ಗಂಗಾಳ ಯಾರನ್ನೂ ಕೊಲ್ಲಂಗಿಲ್ಲ, ಯಾರನ್ನೂ ಉಳಸಂಗಿಲ್ಲ. ಮಗಳನ್ನ ದವಾಖಾನಿಗೆ ಕರಕೊಂಡು ಹೋಗು. ಬೆರಳಿಗೊಂದು ದಾರಿ ಬೇಕಂತಾಳ, ಅದನ್ನೂ ಕೊಡು.”

ಮಾನಪ್ಪ ಹೊಸ ಗಂಗಾಳ ಬಡಿಯಲಿಲ್ಲ. ಅಟ್ಟದಿಂದ ಹಳೆಯದನ್ನೇ ಇಳಿಸಿ, ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಅಡ್ಡ ಬಂದಿದ್ದ ಆ ಒಂದು ಗೆರೆಯನ್ನು ಸಣ್ಣ ಸುತ್ತಿಗೆಯಿಂದ ಬಡಿದು ತಗ್ಗಿಸಿದ. ಹತ್ತು ದಿನಕ್ಕೆ ಆಸ್ಪತ್ರೆಯಲ್ಲಿ ಸುನಂದಾಗೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ಆದರೆ ಮುಂದೆ ತಾಯಿಯವರ ಬಂಡೆಗೆ ಬರುವ ಭಕ್ತರಿಗೆ ಮಾನಪ್ಪ ಹೇಳುತ್ತಿದ್ದುದು ಹೆರಿಗೆಯ ಮಾತನ್ನಲ್ಲ, ಅದಕ್ಕೆ ತುಸು ಮೊದಲಿನ ಒಂದು ಗಳಿಗೆಯನ್ನು.

ನೋವು ತಿನ್ನುತ್ತ ಸುನಂದಾ ಕಣ್ಣು ಮುಚ್ಚಿ ಗಂಗಾಳದಲ್ಲಿ ಬೆರಳು ನಡೆಸುತ್ತಿದ್ದಳಂತೆ. ಐದನೆಯ ಸುತ್ತಿನಲ್ಲಿ ಬೆರಳಿಗೆ ಏನೋ ತೊಡರಿತು. ಇಲ್ಲಿ ಯಾಕೆ ಇಷ್ಟು ಒರಟು ಎಂದು ಅಪ್ಪನನ್ನು ಕೇಳಿದಳು.

ಮಾನಪ್ಪ ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದ, “ಅದು ನಿಮ್ಮವ್ವ ದಾಟಿದ ಜಾಗ. ಹೋಗವ್ವಾ, ಮುಂದ ದಾರಿ ಐತಿ.”